ಎರಡಿಂಚಿನ ಧಾರಾಳ

ಮಕ್ಕಳ ಕೈ ಎಷ್ಟು ಉದ್ದವಿರಬೇಕು ಎಂಬುದು ಮನುಷ್ಯಕುಲದ ಮುಂದಿರುವ ಗಹನ ಪ್ರಶ್ನೆಗಳಲ್ಲಿ ಒಂದು. ಆ ಭಾನುವಾರ ಬೆಳಿಗ್ಗೆ ಅದು ಈಜುಕೊಳದ ಕಟ್ಟೆಯ ಮೇಲೆ ತೀರ್ಮಾನವಾಗಬೇಕಿತ್ತು.

ತಂಡದಲ್ಲಿ ಆರು ಜಾಗ, ಈಜುವ ಮಕ್ಕಳು ಏಳು. ಜಿಗಿತ, ಕಾಲೊದೆತ, ಗೋಡೆ ಮುಟ್ಟಿ ತಿರುಗುವುದು, ಎಲ್ಲದರಲ್ಲೂ ಏಳು ಜನ ಸಮಸಮ.

"ಇನ್ನು ಕೈಚಾಚೇ ಗತಿ," ಎಂದರು ಈಜು ಮೇಷ್ಟ್ರು. "ಕೈ ಉದ್ದ ಇದ್ದಷ್ಟೂ ಒಂದು ಬೀಸಿಗೆ ದೂರ ಹೋಗ್ತಾರೆ."

ಅಳೆಯಲು ದರ್ಜಿಗೆ ಕರೆ ಹೋಯಿತು. ಟೇಪು ಹುಟ್ಟುಮಚ್ಚೆಯ ಹಾಗೆ ಸದಾ ಅವನ ಕೊರಳಲ್ಲೇ ಇರುತ್ತಿತ್ತು. ಏಳು ಮಕ್ಕಳಲ್ಲಿ ಒಬ್ಬಳು ಅವನ ಮಗಳೇ.

"ರೀ, ನೀವೇನೂ ಉಪಕಾರ ಮಾಡೋದು ಬೇಡ," ಎಂದು ಹೆಂಡತಿ ಹೇಳಿ ಕಳಿಸಿದ್ದಳು. "ಎಲ್ಲರಿಗಿಂತ ಅವಳ ಕೈಯೇ ಉದ್ದ. ಇದ್ದದ್ದು ಇದ್ದ ಹಾಗೆ ಅಳೀರಿ, ಸಾಕು."

ಕೊಳದ ಬಳಿ ಹೆತ್ತವರು ಮದುವೆಮನೆಯ ಬೀಗರಂತೆ ಬಿಗಿದುಕೊಂಡು ಕೂತಿದ್ದರು.

"ನಮ್ಮವನ ಬೆರಳು ಪೂರ್ತಿ ಬಿಚ್ಚಿಲ್ಲ ನೋಡಿ," ಎಂದರು ಔಷಧಿ ಅಂಗಡಿಯವರು.

"ಉಗುರೂ ಸೇರಿಸ್ಲಾ ಸ್ವಾಮಿ?"

"ನಮ್ಮದಿರಲಿ. ನಿಮ್ಮ ಮಗಳ ಸರದೀಲಿ ಟೇಪು ರಬ್ಬರ್ ಆಗದಿದ್ರೆ ಸರಿ."

ಮಾತು ನಾಟಿತು. ಮಗಳ ಕೈಯನ್ನು ದರ್ಜಿ ಚಿನ್ನ ತೂಗಿದಂತೆ ಅಳೆದ, ಒಂದು ನೂಲೂ ಅತ್ತಿತ್ತ ಇಲ್ಲ.

ಮೇಷ್ಟ್ರು ಪಟ್ಟಿ ಓದಿದರು. ಮಗಳು ಕಟ್ಟಕಡೆಗೆ.

"ಅಪ್ಪ," ಎಂದಳು ಅವಳು ಒದ್ದೆ ಕೂದಲು ಹಿಂಡುತ್ತ, "ಬೇರೆಯವರ ಅಳತೆ ಬರೆಸುವಾಗೆಲ್ಲ ಏನೋ ಗೊಣಗ್ತಿದ್ದೆಯಲ್ಲ."

"ಏನು?"

"ಬೆಳೆಯೋ ಮಗು, ಎರಡಿಂಚು ಹೆಚ್ಚಿಗೆ ಇರಲಿ ಅಂತ."

ದರ್ಜಿಯದು ಮೂವತ್ತು ವರ್ಷ ಶಾಲೆಯ ಅಂಗಿ ಹೊಲಿದ ನಾಲಿಗೆ. ತೋಳಿನ ಅಳತೆ ಕಂಡರೆ ಎರಡಿಂಚು ತಾನೇ ಕೂಡಿಕೊಳ್ಳುತ್ತಿತ್ತು. ಮಗಳ ಸರದಿಯಲ್ಲಿ ಮಾತ್ರ ಭಯಕ್ಕೆ ಬಾಯಿ ಕಟ್ಟಿತ್ತು.

ಓಡಿಹೋಗಿ ಮೇಷ್ಟ್ರ ಮುಂದೆ ಎಲ್ಲ ಒಪ್ಪಿಕೊಂಡ. ಮತ್ತೆ ಅಳೆಯೋಣವೆಂದರೆ ಅರ್ಧ ಮಕ್ಕಳು ಮನೆಗೆ ಹೋಗಿಯಾಗಿತ್ತು. ತಂಡದ ಪಟ್ಟಿಯನ್ನು ಪಂದ್ಯದ ಕಚೇರಿಗೆ ಒಯ್ಯಲು ಬಂದವನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದ.

ಮೇಷ್ಟ್ರು ನ್ಯಾಯವಂತರು. ಕೆಂಪು ಪೆನ್ನು ತೆಗೆದು ಏಳು ಹೆಸರಿನ ಮುಂದೆಯೂ ಎರಡೆರಡು ಇಂಚು ಕಳೆದರು.

"ನನ್ನ ಮಗಳಿಗೆ ನಾನು ಸೇರಿಸೇ ಇಲ್ಲ ಮೇಷ್ಟ್ರೇ!"

"ಊರ ಮಕ್ಕಳಿಗೆಲ್ಲ ಸೇರಿಸಿ ಸ್ವಂತ ಮಗಳಿಗೆ ಬಿಟ್ರಾ?" ಎಂದರು ಔಷಧಿ ಅಂಗಡಿಯವರು. "ನಿಮ್ಮ ಟೇಪೂ ನಂಬಲ್ಲ ಬಿಡಿ."

ಆರು ಮಕ್ಕಳು ತಂಡಕ್ಕೆ ಹೋದರು. ದರ್ಜಿಯ ಮಗಳ ಕೈ ಎರಡಿಂಚು ಗಿಡ್ಡವಾಯಿತು.