ದಾನಶೂರ ಉಮಾಶಂಕರ

ತಪ್ಪು ಉಮಾಶಂಕರನದಲ್ಲ, ಅವನ ಹೆಬ್ಬೆರಳಿನದು. ಅಮೆರಿಕದ ರಾಂಚೊ ಬರ್ನಾರ್ಡೊ ಊರಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ರಕ್ತದಾನ ಶಿಬಿರದ ಸುದ್ದಿ ಬಂದಾಗ, 'ನೋಡಿದೆ' ಎನ್ನುವುದಕ್ಕೆ ಅವನೊಂದು ಹೆಬ್ಬೆರಳಿನ ಚಿತ್ರ ಒತ್ತಿದ್ದ. ಜನ ಅದನ್ನು 'ಬರುತ್ತೇನೆ' ಎಂದು ಓದಿಕೊಂಡರು. ಸೂಜಿ ಕಂಡರೆ ತನಗೆ ಕಣ್ಣು ಕತ್ತಲೆ ಬರುತ್ತದೆಂದು ಪಾಪ, ಯಾರಿಗೆ ಹೇಳಿಕೊಂಡಾನು?

ಶನಿವಾರ ಬೆಳಿಗ್ಗೆಯೇ ಪಕ್ಕದ ಮನೆಯ ಶಾಮಲಾ ಆಂಟಿ ಬಂದರು. "ಗ್ರೀನ್ ಕಾರ್ಡ್ ಬೇಗ ಬರ್ಲಿ ಅಂತ ಹರಕೆ ತಾನೆ? ನಂಗೊತ್ತು ಬಿಡಪ್ಪ."

"ಹಾಗೇನಿಲ್ಲ ಆಂಟಿ."

"ಮತ್ತ್ಯಾಕೆ ಕೊಡ್ತಿದೀಯ?"

ಅದು ಅವನಿಗೂ ಗೊತ್ತಿರಲಿಲ್ಲ.

ಕಾರಿನಲ್ಲಿ ಕರೆದೊಯ್ದ ಎದುರುಮನೆಯ ನೀಲಕಂಠಪ್ಪನವರ ಲೆಕ್ಕವೇ ಬೇರೆ. "ಏನಪಾ, ಸಾಡೇಸಾತಿ ನಡದೈತೇನು? ರಕ್ತಾ ಕೊಟ್ರ ಶನಿ ಅರ್ಧಾ ಇಳೀತಾನ ನೋಡು."

ಫ್ರೀವೇ ಇಳಿಯುವಷ್ಟರಲ್ಲಿ, ಇರಬಹುದೇನೋ ಎಂದು ಅವನಿಗೇ ಅನುಮಾನ ಶುರುವಾಯಿತು.

ಪಾರ್ಕಿಂಗ್ ಲಾಟಿನಲ್ಲಿ ರಕ್ತ ತೆಗೆಯುವ ಬಸ್ಸು ನಿಂತಿತ್ತು. ಉಮಾಶಂಕರ ಹತ್ತಿದ. ಇತ್ತೀಚೆಗೆ ಹೊರದೇಶಕ್ಕೆ ಹೋಗಿದ್ದಿರಾ ಎಂದು ನರ್ಸ್ ಕೇಳಿದಳು. ಹೋದ ತಿಂಗಳು ಇಂಡಿಯಾಕ್ಕೆ ಎಂದ. ಮಲೇರಿಯಾ ಇರುವ ಕಡೆ ಹೋಗಿ ಬಂದವರು ಮೂರು ತಿಂಗಳು ಕೊಡುವಂತಿಲ್ಲ ಎಂದು ಅವಳು ಕ್ಷಮೆ ಕೇಳಿದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಒಳಗೊಳಗೇ ಕುಣಿಯುತ್ತ, ಮುಖ ಮಾತ್ರ ಸುಟ್ಟ ಬದನೆಕಾಯಿ ಮಾಡಿಕೊಂಡು ಕೆಳಗಿಳಿದ. "ಛೆ! ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ ಬಂದಿದ್ದೆ. ಹಾಳು ರೂಲು ಅಡ್ಡ ಬಂತು." ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು. ಅದನ್ನು ಕಂಡು ನೀಲಕಂಠಪ್ಪನವರೂ ಕಣ್ಣೊರೆಸಿಕೊಂಡರು.

ರಕ್ತ ಕೊಡುವವರ ಸ್ವಭಾವದ ಮೇಲೆ ಸಂಶೋಧನೆ ಮಾಡುತ್ತಿದ್ದ ವೈಷ್ಣವಿ ಎಂಬ ಹುಡುಗಿ ಅಲ್ಲೇ ಇದ್ದಳು. ಓಡಿ ಬಂದಳು. "ಸರ್, ಕೊಡೋಕಾಗ್ಲಿಲ್ಲ ಅಂತ ಅಳೋರನ್ನ ಇವತ್ತೇ ನೋಡಿದ್ದು! ನನ್ನ ಸ್ಟಡಿಗೆ ಸೇರ್ತೀರಾ?"

ನಾಲ್ಕು ಪ್ರಶ್ನೆ ಕೇಳುತ್ತಾಳೆ, ಅಷ್ಟೇ ತಾನೆ? "ಧಾರಾಳವಾಗಿ! ಎಷ್ಟು ಸಲ ಕರೆದ್ರೂ ಬರ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿದ. ನೆರೆದವರು ಚಪ್ಪಾಳೆ ತಟ್ಟಿದರು.

"ಥ್ಯಾಂಕ್ಸ್ ಸರ್! ಇಂಥ ಸ್ವಭಾವಕ್ಕೆ ಹಾರ್ಮೋನ್ ಕಾರಣಾನಾ ಅಂತ ನೋಡ್ತಿದೀವಿ. ವಾರಕ್ಕೊಂದ್ಸಲ ಬ್ಲಡ್ ತಗೋತೀವಿ. ಬರೀ ಟೆಸ್ಟಿಗಲ್ವಾ, ಮಲೇರಿಯಾ ರೂಲು ನಮಗಿಲ್ಲ."

ಉಮಾಶಂಕರ ಗಾಬರಿಯಿಂದ ನೀಲಕಂಠಪ್ಪನವರತ್ತ ತಿರುಗಿದ. ಅವರು ಆಗಲೇ ಅವನ ಅಂಗಿಯ ತೋಳು ಮಡಚುತ್ತಿದ್ದರು.

"ಇವತ್ತ ಶುರು ಮಾಡಿಬಿಡವಾ, ಹುಡುಗ ಹೆಂಗೂ ಬಂದಾನ."