ಹನ್ನೆರಡು ಮೈಸೂರು ಪಾಕು, ಇಪ್ಪತ್ತನಾಲ್ಕನೇ ನಂಬರಿನ ಹುಡುಗ

ಹೋದಲ್ಲೆಲ್ಲ ಒಂದು ಎಡವಟ್ಟು ಮಾಡಿಕೊಂಡು ಬರುವುದು ನನ್ನ ಹಣೆಯಲ್ಲೇ ಬರೆದಿದೆ ಎಂದು ನನ್ನ ಹೆಂಡತಿಯ ದೃಢವಾದ ನಂಬಿಕೆ. ಅವಳು ಹೇಳುವುದು ಸುಳ್ಳೇನಲ್ಲ. ಆದರೆ ಆ ರಿಸೆಷನ್ ಕಾಲದಲ್ಲಿ ನಮ್ಮನ್ನು ಎತ್ತಿ ನಿಲ್ಲಿಸಿದ್ದು ಅಂಥ ಎಡವಟ್ಟುಗಳೇ. ಆದ್ದರಿಂದ ಅವನ್ನು ನೆನೆಯುವಾಗ ನಗು ಬರುತ್ತದೆ, ನಗುವಿನ ಹಿಂದೆಯೇ ಕೈಮುಗಿಯಬೇಕು ಅನ್ನಿಸುತ್ತದೆ.

ಸೀಟಿನಿಂದ ಸೀಟಿಗೆ

ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಸೀಟು ಮಾಡುವ ಕಂಪನಿಯೊಂದರಲ್ಲಿ ನಾನು ಹದಿನೆಂಟು ವರ್ಷ ಎಂಜಿನಿಯರ್ ಆಗಿದ್ದೆ. ಸೀಟು ಎಲ್ಲಿ ಕಿರುಗುಟ್ಟುತ್ತದೆ ಎಂದು ಕಿವಿಗೊಟ್ಟು ಕೇಳುವುದು ನನ್ನ ಕೆಲಸ. ಒಂದು ಸೋಮವಾರ ನಮ್ಮ ಸಾಲಿನ ಹನ್ನೊಂದು ಜನರನ್ನು ಒಟ್ಟಿಗೆ ಕರೆದು ಮನೆಗೆ ಕಳಿಸಿದರು. ನಾನು ಕಾಫಿ ಮಗ್ಗು, ಕ್ಯಾಲೆಂಡರು, ಒಣಗಿದ ಒಂದು ತುಳಸಿ ಗಿಡ ಹಿಡಿದುಕೊಂಡು ಬಂದೆ.

ಹಗಲು ಹೊತ್ತು ಮನೆಯಲ್ಲಿ ಕೂತರೆ ಜೀವ ಹಿಂಡಿದಂತಾಗುತ್ತಿತ್ತು. ಹಾಗಾಗಿ ಐಸ್ ಹಾಕಿ ರಿಂಕಿಗೆ, ಎಂದರೆ ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಅಂಗಳಕ್ಕೆ, ಹೋಗಿ ಕೂರುತ್ತಿದ್ದೆ. ಮಗಳು ಶಾಲೆಯಲ್ಲಿ ಒಂಬತ್ತು ವರ್ಷ ಹಾಕಿ ಆಡಿದ್ದರಿಂದ ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆ ಹೊಡೆಯುವ ಈ ಆಟ ಚೆನ್ನಾಗಿ ಗೊತ್ತಿತ್ತು. ಮೇಲಾಗಿ ರಿಂಕಿನಲ್ಲಿ ಕೂತವನನ್ನು ಯಾರೂ "ಈಗ ಎಲ್ಲಿ ಕೆಲಸ?" ಎಂದು ಕೇಳುವುದಿಲ್ಲ. ಸುಮ್ಮನೆ ಕೂರಲಾಗದೆ ಪುಸ್ತಕದಲ್ಲಿ ಏನಾದರೂ ಗುರುತು ಹಾಕಿಕೊಳ್ಳುತ್ತಿದ್ದೆ.

ನಮ್ಮ ಪಕ್ಕದ ಮನೆಯಾತ ಜೂನಿಯರ್ ಲೀಗಿನ ತಂಡವೊಂದರ ಹೆಡ್ ಸ್ಕೌಟ್. ಹದಿನಾರು ಹದಿನೇಳರ ಹುಡುಗರ ಆಟ ನೋಡಿ, ಯಾರನ್ನು ತಂಡಕ್ಕೆ ಆರಿಸಬೇಕೆಂದು ಹೇಳುವವನು. ಅವನು ಒಂದು ದಿನ ನನ್ನ ಪುಸ್ತಕ ನೋಡಿ ಇದೇನೆಂದು ಕೇಳಿದ. ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನೆಲ್ಲ ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

"ಪಕ್ ತಮ್ಮ ಹತ್ತಿರ ಇಲ್ಲದಾಗ ಹುಡುಗರು ಏನು ಮಾಡ್ತಾರೆ ಅಂತ ಬರ್ಕೊತೀನಿ," ಎಂದೆ.

"ಅದನ್ನ ನಿನಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ. ಸದ್ದು ಮಾಡದ ಸೀಟನ್ನ ಯಾರೂ ಹೊಗಳಲ್ಲ. ಒಳ್ಳೆ ಸೀಟು ಅಂದ್ರೆ ಅದೇ."

ಅವನಿಗೆ ಆ ಮಾತು ಹಿಡಿಸಿತು. ಮೇ ತಿಂಗಳ ಡ್ರಾಫ್ಟ್‌ವರೆಗೆ ನನ್ನನ್ನು ಪರೀಕ್ಷೆಗೆ ಇಟ್ಟುಕೊಂಡ. ಡ್ರಾಫ್ಟ್ ಎಂದರೆ ತಂಡಗಳೆಲ್ಲ ಸರದಿಯಂತೆ ಒಬ್ಬೊಬ್ಬ ಹುಡುಗನ ಹೆಸರು ಹೇಳಿ ತಮ್ಮವನನ್ನಾಗಿ ಮಾಡಿಕೊಳ್ಳುವ ದಿನ. ನಾನು ಹುಡುಕಿಕೊಟ್ಟ ಒಬ್ಬನಾದರೂ ಅಂದು ಅವನ ಪಟ್ಟಿ ಸೇರಿದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಕೈಕುಲುಕಿ ಬೀಳ್ಕೊಡುವುದು. ಕೊಡುತ್ತಿದ್ದುದು ಹೆಚ್ಚೇನಲ್ಲ. ಆದರೆ ಬೆಳಿಗ್ಗೆ ಎದ್ದು, ಗಡ್ಡ ಕೆರೆದುಕೊಂಡು ಹೋಗಲು ಒಂದು ಜಾಗ ಸಿಕ್ಕಿತಲ್ಲ, ಅದಕ್ಕೆ ನನ್ನ ಕಣ್ಣು ತುಂಬಿ ಬಂದಿದ್ದು ನಿಜ.

ಹೆಂಡತಿ ಮಾತ್ರ ಹೇಳಿದಳು: "ಹದಿನೆಂಟು ವರ್ಷ ಸೀಟಿನ ಮುಂದೆ ಬಗ್ಗಿ ನಿಂತಿದ್ರಿ. ಈಗ ಸೀಟಿನ ಮೇಲೆ ಕೂತ್ಕೊಳ್ಳೋ ಕೆಲಸ. ಬಡ್ತಿನೇ ಆಯ್ತಲ್ಲ."

ಮೈಸೂರಿನ ಸಿಸ್ಟಂ

ರಿಂಕಿನಲ್ಲಿ ಸ್ಕೌಟ್‌ಗಳು ಮೇಲಿನ ಮೂಲೆಯಲ್ಲಿ ತಮ್ಮ ತಮ್ಮ ತಂಡದ ಜಾಕೆಟ್ ಹಾಕಿಕೊಂಡು ಕೂರುತ್ತಾರೆ. ನಾನು ಮಂಕಿ ಟೋಪಿ, ಕೋಟಿನ ಮೇಲೆ ಹೆಂಡತಿಯ ಶಾಲು, ತೊಡೆಯ ಮೇಲೆ ಫಿಲ್ಟರ್ ಕಾಫಿಯ ಫ್ಲಾಸ್ಕು. ಮೊದಲ ದಿನ ಒಬ್ಬಾಕೆ ಬಂದು, "ನಿಮ್ಮ ಮೊಮ್ಮಗ ಯಾವ ನಂಬರು?" ಎಂದು ಕೇಳಿ ಹೋದಳು.

ನಾನು ಬರೆಯುತ್ತಿದ್ದುದು ಕನ್ನಡದಲ್ಲಿ. ಕೈ ಮರಗಟ್ಟಿದಾಗ ಅದೊಂದೇ ನನ್ನ ಬೆರಳಿಗೆ ಓಡುವ ಅಕ್ಷರ. ಪಕ್ಕದಲ್ಲಿ ಬೇರೆ ತಂಡದ ಹಿರಿಯ ಸ್ಕೌಟ್ ಒಬ್ಬ ಕೂರುತ್ತಿದ್ದ. ಕೆಲಸದಲ್ಲಿ ಪಳಗಿದ ಕೈ, ಬಲು ಕಿಲಾಡಿ. ನನ್ನ ಪುಸ್ತಕಕ್ಕೆ ಇಣುಕಿ ಇಣುಕಿ ಸಾಕಾಗಿ ಒಂದು ದಿನ ಕೇಳಿಯೇಬಿಟ್ಟ.

"ನಿನ್ನದು ಯಾವ ಸಿಸ್ಟಂ?"

"ಮೈಸೂರಿಂದು," ಎಂದೆ.

ಅವನು ಅದನ್ನು ಕೇಳಿ ಬಲ್ಲವನಂತೆ ತಲೆಯಾಡಿಸಿದ. ಇನ್ನೊಂದು ದಿನ ನಾನು ಪುಸ್ತಕ ಸೀಟಿನ ಮೇಲೆ ಬಿಟ್ಟು ಬಾತ್‌ರೂಮಿಗೆ ಹೋದಾಗ, ಫೋನಿನಲ್ಲಿ ಒಂದು ಪುಟದ ಫೋಟೋ ಹೊಡೆದುಕೊಂಡ. ಇದು ನನಗೆ ಗೊತ್ತಾದದ್ದು ನಮ್ಮ ಕನ್ನಡಿಗರ ಯುಗಾದಿ ಊಟದಲ್ಲಿ. ಹುಬ್ಬಳ್ಳಿ ಕಡೆಯ ಡೆಂಟಿಸ್ಟ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದು ಹೇಳಿದರು: "ಏನ್ರೀ ಸಾಹೇಬ್ರ, ಒಬ್ಬಾಂವ ಹಲ್ಲು ತೋರಸಾಕ ಬಂದು ಫೋನ್ ತೋರ್ಸಿದ. ರಿಂಕಿನ್ಯಾಗ ಶಾಲು ಹೊದ್ದು ಕೂಡೋ ಮೈಸೂರಾಂವ ಬರದದ್ದು, ಓದಿ ಹೇಳ್ರಿ, ಭಾಳ ಗುಟ್ಟಿನ ವಿಷಯ ಅಂದ. ನೋಡಿದ್ರ ನಿಮ್ಮನಿ ಸಾಮಾನಿನ ಚೀಟಿ. ಎರಡು ಪೌಂಡ್ ಉದ್ದಿನಬ್ಯಾಳಿ, ಇಂಗು, ತಾಜಾ ಇದ್ರ ಕರಿಬೇವು ಅಂತ ಇತ್ತು. ಹಂಗ ಓದಿ ಹೇಳೀನಿ."

ಮರುವಾರ ರಿಂಕಿನಲ್ಲಿ ಆ ಹಿರಿಯ ಸ್ಕೌಟ್ ಎಂದಿನಂತೆ ಪಕ್ಕದಲ್ಲಿ ಕೂತ. ಕಣ್ಣು ಐಸಿನ ಮೇಲೆಯೇ ಇಟ್ಟು, ಒಂಚೂರೂ ನಾಚಿಕೆಯಿಲ್ಲದೆ ಕೇಳಿದ: "ಕರಿಬೇವು ತಾಜಾ ಇತ್ತಾ?"

ಎಲೆ ಎತ್ತುವವನು

ಆ ಚಳಿಗಾಲ ನಮ್ಮ ಹೆಡ್ ಸ್ಕೌಟ್‌ಗೆ ಬೇಕಾಗಿದ್ದವನು ಒಬ್ಬ ಟೂ-ವೇ ಫಾರ್ವರ್ಡ್. ಫಾರ್ವರ್ಡ್ ಎಂದರೆ ಮುಂದೆ ನುಗ್ಗಿ ಗೋಲು ಹೊಡೆಯುವವನು. ಹೊಡೆದಾದ ಮೇಲೆ ಅಷ್ಟೇ ವೇಗದಲ್ಲಿ ಹಿಂದಕ್ಕೆ ಬಂದು ತನ್ನ ಗೋಲನ್ನೂ ಕಾಯುವವನು ಟೂ-ವೇ. ಮೊದಲನೆಯವರು ಬೇಕಾದಷ್ಟು ಸಿಗುತ್ತಾರೆ.

ಶಿಕಾಗೋ ಕಡೆ ಒಂದು ಪಂದ್ಯಕ್ಕೆ ಹೊರಟಾಗ ಹೆಂಡತಿಯೂ ಜೊತೆಗೆ ಬಂದಳು. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಅವಳ ಅಣ್ಣನ ಮನೆ. ನಾನು ಆಟ ನೋಡುವಷ್ಟರಲ್ಲಿ ತಾನು ಓಕ್ ಬ್ರೂಕ್ ಮಾಲ್ ಸುತ್ತಿ ಬರುತ್ತೇನೆಂದು ಅವಳ ಲೆಕ್ಕ. ಹಿಮ ಜೋರಾಗಿ ಬಿದ್ದು ಆ ಲೆಕ್ಕ ತಪ್ಪಿತು. ಗೊಣಗಿಕೊಂಡು ನನ್ನ ಪಕ್ಕ ಕೂತಳು. ಎಲ್ಲ ಸ್ಕೌಟ್‌ಗಳೂ ಆರಡಿ ಮೂರಂಗುಲದ ಒಬ್ಬ ಹುಡುಗನನ್ನು ನೋಡುತ್ತಿದ್ದರು. ಅವನಾಗಲೇ ಎರಡು ಗೋಲು ಹೊಡೆದಿದ್ದ.

"ಅವನನ್ನ ಬಿಡಿ," ಎಂದಳು ಹೆಂಡತಿ. "ಆ ಇಪ್ಪತ್ತನಾಲ್ಕನ್ನ ನೋಡಿ. ಮದುವೆ ಮನೇಲಿ ಪಾಯಸ ಬಡಿಸೋಕೆ ಎಲ್ಲ ಹುಡುಗರೂ ಮುಂದೆ ಬರ್ತಾರೆ. ಎಲೆ ಎತ್ತೋ ಹೊತ್ತಿಗೆ ಒಬ್ಬನೂ ಇರಲ್ಲ. ಇವನು ಬಡಿಸ್ತಾನೆ, ಎಲೇನೂ ಎತ್ತುತಾನೆ."

ನೋಡಿದೆ. ಕುಳ್ಳ, ಸಣಕಲ. ಆದರೆ ತನ್ನವರು ಪಕ್ ಕಳೆದುಕೊಂಡಾಗಲೆಲ್ಲ ಮೊದಲು ಹಿಂದಕ್ಕೆ ಓಡುವವನು ಅವನೇ. ಇನ್ನೂ ನಾಲ್ಕು ಸಲ ಐದೈದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ನೋಡಿದೆ. ಒಂದು ಸಲವೂ ಅವನು ಮೈಗಳ್ಳತನ ಮಾಡಲಿಲ್ಲ. ರಿಪೋರ್ಟಿನಲ್ಲಿ ಬರೆಯಲು ಬೇರೆ ಮಾತು ಸಿಗದೆ ಹೆಂಡತಿಯ ಮಾತನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಹೆಡ್ ಸ್ಕೌಟ್ ಬೇಲಿಯಾಚೆಯಿಂದ ಕೂಗಿ ಕರೆದ.

"ಅವನು ಎತ್ತೋ ಆ ಎಲೆ ಯಾವ ಮರದ್ದು?"

ಊಟದ ಎಲೆ, ಪಂಕ್ತಿ, ಪಾಯಸ ಎಲ್ಲ ವಿವರಿಸಿದೆ. ಗಂಭೀರವಾಗಿ ಕೇಳಿದ. ಕೊನೆಗೆ, "ನನ್ನ ಮೂವತ್ತು ವರ್ಷದಲ್ಲಿ ಟೂ-ವೇ ಫಾರ್ವರ್ಡ್ ಅಂದ್ರೇನು ಅಂತ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ," ಎಂದ. ನಾನು ಉಬ್ಬಿಹೋಗುವಷ್ಟರಲ್ಲಿ, "ನಿನ್ನ ಹೆಂಡತಿಗೆ ಈಗೇನಾದರೂ ಕೆಲಸ ಇದೆಯಾ?" ಎಂದು ಕೇಳಿದ.

ಬರಿಗೈಯಲ್ಲಿ ಹೋಗುವುದೇ

ಡ್ರಾಫ್ಟ್‌ಗೆ ಮುಂಚೆ ಹುಡುಗನ ಮನೆಗೊಮ್ಮೆ ಹೋಗಿ ಮಾತಾಡಿಸಿ ಬರುವ ಪದ್ಧತಿಯಿದೆ. ಹೆಡ್ ಸ್ಕೌಟ್ ಒಂದೇ ಮಾತು ಹೇಳಿ ಕಳಿಸಿದ್ದ: ಏನೂ ಕೊಡಬೇಡ, ಏನೂ ತಗೋಬೇಡ, ಲೀಗಿನ ನಿಯಮ. ಅದನ್ನು ಹೆಂಡತಿಗೂ ಹೇಳಿದೆ. ಅವಳು ಅಡುಗೆಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಒಬ್ಬರ ಮನೆಗೆ ಮೊದಲನೇ ಸಲ ಹೋಗ್ತಿದೀರಿ. ಬರಿಗೈಲಿ ಹೋಗೋದೇ? ನಿಯಮ ಇರೋದು ಹಾಕಿ ಕೋಲಿಗೆ, ಬೂಟಿಗೆ. ಮೈಸೂರು ಪಾಕಿಗಲ್ಲ."

ಈ ವಾದ ನನಗೂ ಸರಿಯೆನಿಸಿದ್ದು ನನ್ನ ದುರದೃಷ್ಟ. ಸ್ಟೀಲ್ ಡಬ್ಬಿಯಲ್ಲಿ ಹನ್ನೆರಡು ತುಂಡು.

ಆ ಮನೆಯಲ್ಲಿ ನಡೆದದ್ದು ಥೇಟ್ ನಮ್ಮ ಕಡೆ ವರನ ಮನೆಗೆ ಹೋದ ಹಾಗೇ. ನಾನು ಬಾಗಿಲಲ್ಲಿ ಶೂ ಬಿಚ್ಚಿದೆ. ಅಪ್ಪ, ಅಮ್ಮ ಸೋಫಾದ ತುದಿಯಲ್ಲಿ ಕೂತರು. ಅಜ್ಜಿಯ ಆರೋಗ್ಯ ವಿಚಾರಿಸಿದೆ, ಹುಡುಗ ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆಂದು ಕೇಳಿದೆ. ಅಪ್ಪ ವೆಲ್ಡರ್. ಹಿಂದಿನ ವರ್ಷದಿಂದ ಕೆಲಸವಿಲ್ಲ. ಅದನ್ನು ಹೇಳುವಾಗ ಅವನು ಕಿಟಕಿಯ ಕಡೆ ನೋಡಿದ. ನಾನೂ ಹಾಗೆಯೇ ಹೇಳುತ್ತಿದ್ದೆನಾದ್ದರಿಂದ ಆ ನೋಟ ನನಗೆ ಗೊತ್ತಿತ್ತು. ನಮ್ಮ ಲೀಗಿನಲ್ಲಿ ಆಡುವ ಹುಡುಗರು ಫೀಸು ಕಟ್ಟಬೇಕಾಗಿಲ್ಲ, ಬೇರೆ ಕಡೆಯಾದರೆ ಸಾವಿರಾರು ಡಾಲರ್. ಇಲ್ಲಿ ಆಯ್ಕೆಯಾಗದಿದ್ದರೆ ಇಪ್ಪತ್ತನಾಲ್ಕನೇ ನಂಬರಿನ ಹಾಕಿ ಈ ವರ್ಷಕ್ಕೆ ಮುಗಿಯಿತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹುಡುಗ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಮುಂದಿನ ಎರಡು ಹಲ್ಲು ಬೀದಿ ಹಾಕಿಯಲ್ಲಿ ಹೋಗಿದ್ದವು. ಡಬ್ಬಿ ತೆಗೆದಿಟ್ಟೆ. ಅಪ್ಪ ಒಂದು, ಅಮ್ಮ ಒಂದು, ಹುಡುಗ ಮೂರು ತಿಂದರು. ಸಂತೋಷವಾಗಿ ಹೊರಟೆ. ಇಂಡಿಯಾನಾ ಗಡಿಯ ಹತ್ತಿರ ಪೆಟ್ರೋಲ್ ಹಾಕಿಸುವಾಗ ಹೆಡ್ ಸ್ಕೌಟ್‌ಗೆ ಫೋನ್ ಮಾಡಿ ಹೆಮ್ಮೆಯಿಂದ ಎಲ್ಲ ವರದಿ ಒಪ್ಪಿಸಿದೆ.

ಎಷ್ಟು ತುಂಡು ತಿಂದರೆಂದು ಅವನು ಮೊದಲು ಕೇಳಿ ತಿಳಿದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ವಾಪಸ್ ಹೋಗು. ತಿನ್ನದೆ ಉಳಿದಿದ್ದನ್ನ ಈಸ್ಕೊಂಡು ಬಾ."

ಕೊಟ್ಟಿದ್ದನ್ನು ಕೇಳಿದವನು

ಕೊಟ್ಟ ಸಿಹಿಯನ್ನು ವಾಪಸ್ ಕೇಳಲು ಹೋದವನು ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರೂ ಇರಲಿಕ್ಕಿಲ್ಲ. ಆ ನಲವತ್ತು ಮೈಲಿ ದಾರಿಯುದ್ದಕ್ಕೂ ನನ್ನ ಅಜ್ಜಿಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಬಾಗಿಲು ತೆರೆದ ತಾಯಿಗೆ ತೊದಲುತ್ತಾ ವಿಷಯ ಹೇಳಿದೆ. ಆಕೆಯ ಮುಖ ಬಾಡಿತು. ಮಗನ ಹೆಸರು ಪಟ್ಟಿಯಿಂದ ಹೋಯಿತೆಂದೇ ಆಕೆ ತಿಳಿದಿರಬೇಕು. ಹುಡುಗ ಒಳಗೆ ಹೋಗಿ, ಉಳಿದ ತುಂಡುಗಳನ್ನು ಕಾಗದದ ಚೀಲಕ್ಕೆ ಹಾಕಿದ. ಯಾರೂ ಹೇಳದೆಯೇ ಡಬ್ಬಿಯನ್ನು ತೊಳೆದು, ಒರೆಸಿ, ಎರಡನ್ನೂ ನನ್ನ ಕೈಗೆ ಕೊಟ್ಟ. ಎಲೆ ಎತ್ತುವವನು ಎಂದು ಹೆಂಡತಿ ಹೇಳಿದ್ದು ಎಷ್ಟು ನಿಜ ಎಂದುಕೊಂಡೆ.

ಮನೆಗೆ ಬಂದು ಎಣಿಸಿದರೆ ಆರೇ ತುಂಡು. ಹನ್ನೆರಡರಲ್ಲಿ ಐದು ತಿಂದರೆ ಏಳು ಉಳಿಯಬೇಕು. ಹೆಡ್ ಸ್ಕೌಟ್ ನನ್ನ ಮುಖ ನೋಡಿದ. ಹೆಂಡತಿ ನನ್ನ ಹೊಟ್ಟೆ ನೋಡಿದಳು. "ಡ್ರೈವ್ ಮಾಡ್ತಾ ನೀವೇ ತಿಂದಿರ್ತೀರಿ," ಎಂದಳು. ಇಲ್ಲವೆಂದು ಆಣೆ ಮಾಡಿದರೂ ಇಬ್ಬರೂ ನಂಬಲಿಲ್ಲ.

ನಮ್ಮ ತಪ್ಪನ್ನು ನಾವೇ ಲೀಗಿಗೆ ಬರೆದು ತಿಳಿಸಿದೆವು. ಎಚ್ಚರಿಕೆ ಕೊಟ್ಟು ಬಿಟ್ಟರು. ವಾಪಸ್ ಪಡೆದ ವಸ್ತುವನ್ನು ಏನು ಮಾಡಿದಿರಿ ಎಂದು ಒಂದು ಪ್ರಶ್ನೆ ಇತ್ತು. ಹೆಡ್ ಸ್ಕೌಟ್ ಬಾಯಿ ಒರೆಸಿಕೊಂಡು ಉತ್ತರ ಬರೆದ: "ಕೂಲಂಕಷವಾಗಿ ಪರಿಶೀಲಿಸಲಾಗಿದೆ."

ಇಪ್ಪತ್ತನಾಲ್ಕು

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗರ ಮನೆಗೆ ಮನೆಯಲ್ಲಿ ಮಾಡಿದ ತಿಂಡಿ ಒಯ್ಯಬಾರದು ಎಂದು ಲೀಗು ಎಲ್ಲ ತಂಡಗಳಿಗೂ ಒಂದು ಸುತ್ತೋಲೆ ಕಳಿಸಿತು. ಹೆಸರಿರಲಿಲ್ಲ. ಆದರೆ ಆ ಕಿಲಾಡಿ ಹಿರಿಯ ಸ್ಕೌಟ್‌ಗೆ ಹೆಸರು ಯಾಕೆ ಬೇಕು? ಶಾಲು ಹೊದ್ದವನು ಅಷ್ಟು ಸಲ ಶಿಕಾಗೋಗೆ ಯಾರನ್ನು ನೋಡಲು ಹೋಗಿದ್ದನೆಂದು ಯೋಚಿಸಿ, ಕೊನೆಯ ಎರಡು ಪಂದ್ಯಕ್ಕೆ ತಾನೂ ಹೋಗಿ ಕೂತ. ಯಾರ ಕಣ್ಣಿಗೂ ಬೀಳದ ಹುಡುಗನನ್ನು ಕೊನೆಯ ಸುತ್ತಿನಲ್ಲಿ ಆರಿಸೋಣವೆಂದುಕೊಂಡಿದ್ದ ನಮ್ಮ ಹೆಡ್ ಸ್ಕೌಟ್ ತಲೆ ಕೆರೆದುಕೊಂಡ.

ಡ್ರಾಫ್ಟ್ ಫೋನಿನಲ್ಲಿ ನಡೆಯಿತು. ಅವನ ಬೇಸ್‌ಮೆಂಟಿನಲ್ಲಿ ಸ್ಪೀಕರ್ ಇಟ್ಟುಕೊಂಡು ನಾನು, ಅವನು, ನನ್ನ ಹೆಂಡತಿ ಕೂತಿದ್ದೆವು. ಒಂದು, ಎರಡು, ಮೂರು ಸುತ್ತು ಮುಗಿದವು. ನಾಲ್ಕನೇ ಸುತ್ತಿನಲ್ಲಿ ನಮ್ಮ ಸರದಿ ಬಂತು. ನಮ್ಮ ನಂತರದ ಸರದಿ ಆ ಹಿರಿಯನ ತಂಡದ್ದು. ಹೆಡ್ ಸ್ಕೌಟ್ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದ.

"ಕೊನೇ ಸಲ ಕೇಳ್ತಿದೀನಿ. ಪಾಯಸಾನಾ, ಎಲೇನಾ?"

"ಎರಡೂ," ಎಂದೆವು ಗಂಡ ಹೆಂಡತಿ ಒಟ್ಟಿಗೆ.

ಅವನು ಹುಡುಗನ ಹೆಸರು ಹೇಳಿದ. ಆಮೇಲೆ, ತನ್ನ ಮೈಕ್ ಆಫ್ ಆಗಿದೆಯೆಂದು ತಿಳಿದಿದ್ದ ಆ ಹಿರಿಯ ಸ್ಕೌಟ್‌ನ ದನಿ ಇಡೀ ಲೀಗಿಗೆ ಕೇಳಿಸಿತು: "ಛೇ, ಆ ಸಿಹಿಯವನು ಹೊಡ್ಕೊಂಡು ಹೋದ."

ನಾನು ಆ ಮನೆಗೆ ಫೋನ್ ಮಾಡಿದೆ. ಅಪ್ಪನಿಗೆ "ಥ್ಯಾಂಕ್ ಯೂ" ಎಂದು ಶುರು ಮಾಡಿದ್ದನ್ನು ಮುಗಿಸಲಾಗಲಿಲ್ಲ. ಮುಂದಿನ ವರ್ಷದ ಕೆಲಸ ನನಗೆ ಗಟ್ಟಿಯಾಗಿತ್ತು, ಮುಂದಿನ ವರ್ಷದ ಐಸು ಅವನ ಮಗನಿಗೆ ಗಟ್ಟಿಯಾಗಿತ್ತು. ಕೆಲಸ ಕಳೆದುಕೊಂಡ ಇಬ್ಬರು ಗಂಡಸರು ಫೋನಿನ ಎರಡು ತುದಿಯಲ್ಲಿ ಮೂಗು ಒರೆಸಿಕೊಂಡೆವು. ಆಮೇಲೆ ಹುಡುಗ ಫೋನಿಗೆ ಬಂದ.

"ಸರ್, ಒಂದು ತಪ್ಪು ಒಪ್ಕೋಬೇಕು. ಅವತ್ತು ನಾನು ಒಂದು ತುಂಡು ವಾಪಸ್ ಕೊಡಲಿಲ್ಲ. ಫ್ರೀಜರಿನಲ್ಲಿ ಬಚ್ಚಿಟ್ಟಿದೀನಿ. ನಿಯಮ ಇದೆ ಅಂತ ತಿಂದಿಲ್ಲ. ಈಗ ನಾನು ನಿಮ್ಮ ತಂಡದವನಲ್ವಾ, ತಿನ್ನಬಹುದಾ?"

ನಾನು ಹೆಡ್ ಸ್ಕೌಟ್‌ನನ್ನೂ ಹೆಂಡತಿಯನ್ನೂ ಸರಿಯಾಗಿ ಒಂದು ಸಲ ನೋಡಿದೆ. ಇಬ್ಬರೂ ಗೋಡೆ ನೋಡುತ್ತಿದ್ದರು.

"ತಿನ್ನಪ್ಪ," ಎಂದೆ.

ಹೆಂಡತಿ ಫೋನ್ ಕಿತ್ತುಕೊಂಡಳು. "ಎರಡು ತಿಂಗಳು ಫ್ರೀಜರಿನಲ್ಲಿದ್ದಿದ್ದು, ಕಲ್ಲಾಗಿರತ್ತೆ. ಮುಂದಿನ ಹಲ್ಲು ಜೋಪಾನ ಕಣಪ್ಪ."

"ಚಿಂತೆ ಮಾಡಬೇಡಿ ಮ್ಯಾಮ್," ಎಂದ ಹುಡುಗ, ಆಗಲೇ ಬಾಯಲ್ಲಿಟ್ಟುಕೊಂಡು. "ಆ ಎರಡನ್ನ ಮೊದಲೇ ವಾಪಸ್ ಕೊಟ್ಟಾಗಿದೆ."