ಮದುವೆ ದೋಣಿಗೆ ಇಸ್ತ್ರಿ

ದೋಣಿಯ ಮೇಲಿನ ಸ್ಟಿಕ್ಕರ್ ಕೀಳುವುದಕ್ಕೆ ಒಬ್ಬ ಟೈಲರ್ ಯಾಕೆ ಹೋದ ಎಂದು ಊರಿನಲ್ಲಿ ಈಗಲೂ ಕೇಳುತ್ತಾರೆ. ಆ ಟೈಲರ್ ನಾನೇ, ಕಾರಣ ಸರಳ. ಮದುವೆ ನನ್ನ ಅಕ್ಕನ ಮಗಳು ಸುಮತಿಯದು, ನಾನು ಸೋದರಮಾವ. ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವ ಹಕ್ಕು ನನ್ನದು. ಹಾಗಿರುವಾಗ ಮದುವೆಮನೆಯ ಯಾವ ಕೆಲಸವೂ ನನ್ನಿಂದಾಗದು ಎಂದು ನಾನೇ ಹೇಗೆ ಹೇಳಲಿ?

ಅಕ್ಕನ ಮನೆ ಶರಾವತಿ ಹಿನ್ನೀರಿನ ದಂಡೆಯಲ್ಲಿದೆ. ಗಂಡಿನವರು ನಿಟ್ಟೂರು ಕಡೆಯವರು. ರಸ್ತೆಯಲ್ಲಿ ಬಂದರೆ ಊರೆಲ್ಲ ಸುತ್ತಬೇಕು. ಆಚೆ ದಡದಿಂದ ದೋಣಿ ಹತ್ತಿದರೆ ಹತ್ತೇ ನಿಮಿಷ. ಆದ್ದರಿಂದ ದಿಬ್ಬಣ ಭಾವನ ದೋಣಿಯಲ್ಲೇ ಬರುವುದೆಂದು ನಿಶ್ಚಯವಾಯಿತು.

ಆದರೆ ಆ ದೋಣಿಯನ್ನು ಭಾವ ಕೊಂಡದ್ದು ಒಬ್ಬ ಮುಳುಗು ತಜ್ಞನಿಂದ. ಅದರ ನೀಲಿ ಬಣ್ಣದ ಮೈಮೇಲೆ ಗೇಣುದ್ದದ ಕೆಂಪು ಸ್ಟಿಕ್ಕರ್ ಅಕ್ಷರಗಳಲ್ಲಿ ಹೀಗಿತ್ತು: ‘ಮುಳುಗಿದವರನ್ನು ಎತ್ತಿಕೊಡಲಾಗುವುದು’.

ಇಷ್ಟು ದಿನ ಭಾವನಿಗೆ ಅದರಿಂದ ಏನೂ ತೊಂದರೆಯಾಗಿರಲಿಲ್ಲ. “ಮೀನು ಹಿಡಿಯೋ ದೋಣಿ ಮಾರಾಯ, ಮೀನೇನು ಓದ್ತಾವಾ?” ಎನ್ನುತ್ತಿದ್ದ. ಆದರೆ ಗಂಡಿನ ಅಜ್ಜಿಗೆ ಓದಲು ಬರುತ್ತದೆ. ಶಕುನ ನೋಡುವುದಂತೂ ಇನ್ನೂ ಚೆನ್ನಾಗಿ ಬರುತ್ತದೆ. ನಿಶ್ಚಿತಾರ್ಥದ ದಿನ ಬೆಕ್ಕು ಅಡ್ಡ ಬಂತೆಂದು ಅರ್ಧ ದಾರಿಯಿಂದ ಮನೆಗೆ ಹಿಂದಿರುಗಿ, ನೀರು ಕುಡಿದು ಮತ್ತೆ ಹೊರಟವರು ಅವರು. ಅವರು ಇದನ್ನು ಓದಿದರೆ ಮದುವೆಯೇ ನಿಂತೀತೆಂದು ಅಕ್ಕ ಕಣ್ಣೀರು ಹಾಕಿದಳು. ನಾನಿದ್ದೇನೆ, ಹೆದರಬೇಡ ಎಂದೆ. ನೀವಿದ್ದೀರಿ ಅನ್ನುವುದೇ ಹೆದರಿಕೆ ಎಂದಳು ನನ್ನ ಹೆಂಡತಿ ಶಾರದೆ.

ಮದುವೆಗೆ ಎರಡು ದಿನವಿತ್ತು. ಮೊದಲು ಉಗುರಿನಿಂದ ಎಬ್ಬಿಸಲು ನೋಡಿದೆ. ಎಷ್ಟೋ ಬೇಸಿಗೆಯ ಬಿಸಿಲು ಕುಡಿದ ಸ್ಟಿಕ್ಕರ್ ಎಳ್ಳಿನಷ್ಟು ಎಳ್ಳಿನಷ್ಟೇ ಚೂರಾಗಿ ಬಂತು. ಉಗುರು ಮಾತ್ರ ಇಡಿಯಾಗಿ ಬಂತು!

ಆಗ ನನ್ನ ವೃತ್ತಿಬುದ್ಧಿ ಕೆಲಸ ಮಾಡಿತು. ಅಂಟಿಗೆ ಶಾಖವೇ ಮದ್ದು. ಅಂಗಡಿಯಿಂದ ಇದ್ದಲು ಇಸ್ತ್ರಿಪೆಟ್ಟಿಗೆ ತರಿಸಿ, ಅಕ್ಷರಗಳ ಮೇಲೆ ಒದ್ದೆ ಬಟ್ಟೆ ಹಾಸಿ, ದಡದಲ್ಲಿ ಮಗುಚಿ ಹಾಕಿದ್ದ ದೋಣಿಗೆ ಶಾಸ್ತ್ರೋಕ್ತವಾಗಿ ಇಸ್ತ್ರಿ ಹಾಕತೊಡಗಿದೆ. ಮೀನು ಹಿಡಿಯಲು ಬಂದವರು ಗಾಳ ಬಿಟ್ಟು ನನ್ನನ್ನೇ ನೋಡುತ್ತ ನಿಂತರು. ಒಬ್ಬರು, ಗೆರೆ ಸರಿಯಾಗಿ ಕೂರಲಿ ಎಂದು ಸಲಹೆಯನ್ನೂ ಕೊಟ್ಟರು. ನಗುವವರು ನಗಲಿ. ಒಂದೊಂದೇ ಅಕ್ಷರ ಮೆತ್ತಗಾಗಿ ಸಿಪ್ಪೆಯಂತೆ ಬಿಟ್ಟುಕೊಂಡಿತು. ಉಳಿದ ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಸಂಜೆಗೆ ಕೆಲಸ ಮುಗಿಯಿತು. ಎಲ್ಲರನ್ನೂ ಕರೆದು, ನಾಲ್ಕು ಹೆಜ್ಜೆ ಹಿಂದೆ ಸರಿದು, ನೋಡಿ ಎಂದೆ.

ನೋಡಿದರು. ಬಿಸಿಲಿಗೆ ಮಾಸಿದ ನೀಲಿಯ ನಡುವೆ, ಬಿಸಿಲನ್ನೇ ಕಾಣದ ಹೊಚ್ಚಹೊಸ ಕಡುನೀಲಿಯಲ್ಲಿ, ‘ಮುಳುಗಿದವರನ್ನು ಎತ್ತಿಕೊಡಲಾಗುವುದು’!

ಮೊದಲು ಅಕ್ಷರಗಳ ಅಂಚು ಅಲ್ಲಲ್ಲಿ ಹರಿದಿತ್ತು. ಈಗ ಒಂದು ಒತ್ತಕ್ಷರವೂ ಮುಕ್ಕಾಗಿರಲಿಲ್ಲ. ಹಳೇ ಅಂಗಿಯ ಜೇಬು ಬಿಚ್ಚಿದರೆ ಅದರಡಿಯ ಬಟ್ಟೆ ಎದ್ದು ಕಾಣುತ್ತದೆ, ಬೇಡ ಎಂದು ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಬುದ್ಧಿ ಹೇಳುತ್ತಿರುವವನು ನಾನೇ. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಬೆಳಿಗ್ಗೆ, ಆ ಕಡುನೀಲಿಯನ್ನು ಸ್ವಲ್ಪ ಮಾಸಿಸಿದರೆ ಸಾಕೆಂದು ಬಡಗಿಗಳ ಉಪ್ಪುಕಾಗದ ಹಿಡಿದು ಉಜ್ಜಿದೆ. ನನ್ನದು ಗುರುತು ಹಾಕಿದಲ್ಲೇ ಕತ್ತರಿ ಆಡಿಸುವ ಕೈ. ಅಕ್ಷರದ ಗೆರೆ ದಾಟಿ ಒಂದು ಕೂದಲಿನಷ್ಟೂ ಆಚೆ ಹೋಗಲಿಲ್ಲ. ಬಣ್ಣ ಹೋಗಿ ಮರ ಕಂಡಿತು. ಈಗ ಅಕ್ಷರಗಳು ಬೆಳ್ಳಗಾದವು. ಆಚೆ ದಡದಿಂದಲೂ ಓದಬಹುದಿತ್ತು.

ಬಣ್ಣ ಬಳಿಯೋಣವೆಂದರೆ ಮೋಡ ಮುಚ್ಚಿದ ಹವೆ. ನಾಳೆಗೆ ಒಣಗುವುದಿಲ್ಲ, ದಿಬ್ಬಣದವರ ಸೀರೆಗೆಲ್ಲ ನೀಲಿ ಅಂಚು ಬರುತ್ತದೆ ಎಂದ ಭಾವ. ಉಳಿದದ್ದು ನನ್ನ ಕಸುಬೊಂದೇ. ಚಪ್ಪರಕ್ಕೆ ತಂದಿದ್ದ ಹಳದಿ ಬಟ್ಟೆಯನ್ನು ಕತ್ತರಿಸಿ, ನೆರಿಗೆ ಹಿಡಿದು, ದೋಣಿಯ ಸುತ್ತ ಇಳಿಬೀಳುವ ಹಾಗೆ ಝಾಲರಿ ಹೊಲಿದೆ. ನಿಜಕ್ಕೂ ಚೆಂದವಿತ್ತು. ಎಲ್ಲಾದರೂ ನೀರಿಗೆ ತಾಗೀತೇ ಎಂದು ಶಾರದೆ ಕೇಳಿದಳು. ಅಳತೆ ತೆಗೆದವನು ನಾನು ಎಂದೆ.

ಅಳತೆ ತೆಗೆದದ್ದು ಖಾಲಿ ದೋಣಿಯದು.

ಮದುವೆಯ ದಿನ ಆಚೆ ದಡದಲ್ಲಿ ಹನ್ನೆರಡು ಜನ ಹತ್ತಿ ಕೂತೊಡನೆ ದೋಣಿ ಒಂದು ಗೇಣು ಕೆಳಗಿಳಿಯಿತು. ಝಾಲರಿ ನೀರು ಕುಡಿದು, ತೇಲುತ್ತ ಹಿಂದೆ ಸಾಗಿ, ನಡುನೀರಿನಲ್ಲಿ ಮೋಟಾರಿನ ರೆಕ್ಕೆಗೆ ಸುತ್ತಿಕೊಂಡಿತು. ಮೋಟಾರು ನಿಂತಿತು. ಭಾವ ಅದನ್ನು ಹರಿದು ಕಿತ್ತು ನೀರಿಗೆಸೆದು ಹುಟ್ಟು ಹಾಕತೊಡಗಿದ. ಈಚೆ ದಡದಲ್ಲಿ ನಾವೆಲ್ಲ ಆರತಿ ಹಿಡಿದು ನಿಂತಿದ್ದೆವು. ದೋಣಿ ಮೆಲ್ಲಗೆ ಅಡ್ಡ ತಿರುಗಿತು. ಓಲಗ ಊದುತ್ತಿದ್ದವರು ಓದಿ ನಿಲ್ಲಿಸಿದರು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಭೂಮಿ ಬಾಯ್ಬಿಡಬಾರದೇ ಎಂದು ಜನ ಯಾಕೆ ಬೇಡುತ್ತಾರೆಂದು ಆವತ್ತು ತಿಳಿಯಿತು.

ದೋಣಿಯೊಳಗೆ ಕೂತವರಿಗೆ ಹೊರಮೈ ಕಾಣಲಿಲ್ಲ. ಆದರೆ ದಡಕ್ಕಿಳಿದ ಅಜ್ಜಿ ಹಿಂದಿರುಗಿ ನೋಡಿದರು. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಚಪ್ಪರದ ಬಾಗಿಲಲ್ಲಿ ಸುಮತಿ ಸೆರಗು ಹಿಂಡುತ್ತ ನಿಂತಿದ್ದಳು.

“ದಡ ಮುಟ್ಟಿದ್ವಲ್ಲ, ಬಿಡಿ,” ಎಂದರು ಅಜ್ಜಿ. “ಇದೆಲ್ಲ ಯಾರ ಕೆಲ್ಸ?”

ಭಾವ ನನ್ನತ್ತ ಕೈ ತೋರಿಸಿದ. ಹುಡುಗಿಯ ಸೋದರಮಾವ, ಟೈಲರ್ ಎಂದು ಪರಿಚಯವನ್ನೂ ಮಾಡಿಕೊಟ್ಟ. ಅಜ್ಜಿ ನೀರಿನ ಮೇಲೆ ತೇಲುತ್ತಿದ್ದ ಹಳದಿ ಚಿಂದಿ ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಸಣ್ಣಗಾಯಿತು.

“ಹುಡುಗಿ ರವಿಕೆ ಹೊಲ್ದಿದ್ದೂ ಇವ್ರೇನಾ?”

ನಾನು ಬಾಯಿ ತೆರೆಯುವ ಮೊದಲೇ ಶಾರದೆ ಮುಂದೆ ಬಂದಳು. “ಇಲ್ಲಮ್ಮ. ಅದು ಸಾಗರ ಪೇಟೆಯಲ್ಲಿ ಕೊಟ್ಟು ಹೊಲಿಸಿದ್ದು.”

ಆ ರವಿಕೆಗೆ ನಾನು ಎಂಟು ದಿನ ಕೂತಿದ್ದೆ. ಮೂವತ್ತು ವರ್ಷದಲ್ಲಿ ಅಂಥದ್ದು ಇನ್ನೊಂದು ನನ್ನ ಕೈಯಿಂದ ಬಂದಿಲ್ಲ. ಅಜ್ಜಿ ನಿರಾಳವಾಗಿ ಚಪ್ಪರದ ಕಡೆ ನಡೆದರು.

ಮುಹೂರ್ತಕ್ಕೆ ಸುಮತಿಯ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ಅಜ್ಜಿ ಅವಳ ರವಿಕೆ ತೋಳಿನ ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಹೊಲಿಗೆ ಎಂದರೆ ಹೀಗಿರಬೇಕು, ಕಲಿತುಕೊಳ್ಳಿ ಎಂದು ನನಗೆ ಹೇಳಿದರು.

“ಹೌದಮ್ಮ,” ಎಂದೆ. “ಸಾಗರದವ್ರು ಚೆನ್ನಾಗಿ ಹೊಲೀತಾರೆ.”